ಬರಿಸಿದ ಬೇನೆ, ತಾನಾಗಿ ಬಂದ ಬೇನೆ

ಗುಮಟಾಪುರವೆಂದೊಡನೆ ಹೊರಗಿನವರಿಗೆ ನೆನಪಾಗುವುದು ದೀಪಾವಳಿಯ ಬೆನ್ನಿಗೆ ಬರುವ ಗೊರೆ ಹಬ್ಬ. ಊರಿನ ಚರಿತ್ರೆಯನ್ನು ಕುರಿತು ಬರೆಯಿರೆಂದು ಸಂಘದ ಮಿತ್ರರು ಕೇಳಿದಾಗ ಅವರು ನಿರೀಕ್ಷಿಸಿದ್ದುದು ಬಹುಶಃ ಅದನ್ನೇ. ನಾನು ಆಯ್ದುಕೊಂಡಿರುವ ವಿಷಯ ಬೇರೆ: ಹೆರಿಗೆ ಬೇನೆಯನ್ನು ಔಷಧದಿಂದ ಬರಿಸುವ ಪದ್ಧತಿ ನಡೆದುಬಂದ ದಾರಿ. ಚೊಚ್ಚಲು ಹೆರಿಗೆಯಲ್ಲಿ ಬೇನೆ ಬರಿಸಿಕೊಂಡ ಹೆಣ್ಣುಮಕ್ಕಳು ಎರಡನೆಯ ಬಸಿರಿನಲ್ಲಿ ಕೇಳುವ ಪ್ರಶ್ನೆ ಒಂದೇ, ಈ ಸಲವೂ ಹಾಗೆಯೇ ಆಗುವುದೇ ಎಂಬುದು. ಅದಕ್ಕೆ ಉತ್ತರ ಹೇಳಬೇಕಾದರೆ ಇನ್ನೂರೈವತ್ತು ವರ್ಷಕ್ಕೂ ಹಿಂದೆ ಹೋಗಬೇಕು. ದಾರಿಯಲ್ಲಿ ಹಸುವಿನ ಕೊಟ್ಟಿಗೆಯನ್ನೂ ಒಮ್ಮೆ ಹೊಕ್ಕು ಬರಬೇಕು.

ನಮ್ಮ ಸೀಮೆಯಲ್ಲಿ ನನ್ನ ತಲೆಮಾರಿನವರೆಲ್ಲ ಸೂಲಗಿತ್ತಿಯರ ಕೈಯಲ್ಲಿ ಭೂಮಿಗೆ ಬಂದವರು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡು ಅಚ್ಚರಿಪಟ್ಟಿತು. ಹದಿನೈದು ಸಾವಿರಕ್ಕೂ ಮೇಲ್ಪಟ್ಟು ಹೆರಿಗೆ ಮಾಡಿಸಿದ ಆ ತಾಯಿ ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅಂಥವರ ಬಳಿ ಬೇನೆ ಚುರುಕಾಗಲು ಜೀರಿಗೆ ಕಷಾಯವಿತ್ತು, ಹರಳೆಣ್ಣೆಯಿತ್ತು, ನಡೆದಾಡಿಸುವ ಉಪಾಯವಿತ್ತು. ಆದರೆ ಅವರ ಮುಖ್ಯ ವಿದ್ಯೆ ಕಾಯುವುದು. "ನೋವು ತಾನಾಗೇ ಬತ್ತದ ಕಣವ್ವ, ತಡಿ" ಎಂಬ ಮಾತನ್ನು ಹಟ್ಟಿಯ ಹೊರಗೆ ನಿಂತು ನಾನೇ ಬಾಲ್ಯದಲ್ಲಿ ಕೇಳಿದ್ದೇನೆ. ಬೇನೆ ಬಾರದಿರುವಾಗ ಮುಕ್ಕಬಾರದು, ಅದರಿಂದ ತಾಯಿಗೂ ಕೂಸಿಗೂ ಕೇಡು ಎಂದು ಚರಕಸಂಹಿತೆಯ ಶಾರೀರಸ್ಥಾನವೂ ಎಚ್ಚರಿಸುತ್ತದೆ. ಹಾಗೆಂದು ಆ ಕಾಲವನ್ನು ಹೊಗಳಿ ಹಾಡುವವನು ನಾನಲ್ಲ. ಕಾದರೂ ಬೇನೆ ಬಾರದ ಮನೆಗಳಲ್ಲಿ, ಹೆತ್ತ ಮೇಲೆ ರಕ್ತಸ್ರಾವ ನಿಲ್ಲದ ಮನೆಗಳಲ್ಲಿ ಏನಾಯಿತೆಂಬುದನ್ನು ನಮ್ಮ ಹಿರಿಯರು ಮಾತಿನಲ್ಲಿ ತರುತ್ತಿರಲಿಲ್ಲ.

ಬೇನೆಯನ್ನು ಬೇಕೆಂದೇ ಬರಿಸುವುದು ಧರ್ಮವೇ ಎಂದು ಯುರೋಪಿನ ವೈದ್ಯರೂ ಚರ್ಚಿಸಿದ್ದುಂಟು. 1756ರಲ್ಲಿ ಲಂಡನ್ನಿನ ಪ್ರಮುಖ ವೈದ್ಯರು ಸೇರಿ, ಕಟಿ ಇಕ್ಕಟ್ಟಾಗಿರುವ ಹೆಂಗಸರಿಗೆ ಅವಧಿಗೆ ಮುನ್ನವೇ ಹೆರಿಗೆ ಮಾಡಿಸುವುದು ನ್ಯಾಯವೆಂದು ಒಪ್ಪಿದರು. ಔಷಧದ ಕಥೆ ಬೇರೆ. ರೈ ಎಂಬ ಧಾನ್ಯದ ತೆನೆಗೆ ಹಿಡಿಯುವ ಕಪ್ಪು ಬೂಷ್ಟು ಎರ್ಗಟ್. ಅದರ ಪುಡಿ ಬೇನೆಯನ್ನು ತೀವ್ರಗೊಳಿಸುತ್ತದೆಂದು ಅಮೆರಿಕದ ಜಾನ್ ಸ್ಟರ್ನ್ಸ್ 1808ರಲ್ಲಿ ಪ್ರಕಟಿಸಿದರು. ವೈದ್ಯರು ಸಂತೋಷದಿಂದ ಬಳಸತೊಡಗಿದರು. ಸತ್ತು ಹುಟ್ಟುವ ಕೂಸುಗಳ ಸಂಖ್ಯೆ ಏರಿತು. ಇದು ಹೆರಿಗೆಯ ಪುಡಿಯಲ್ಲ, ಮೃತ್ಯುವಿನ ಪುಡಿ ಎಂಬರ್ಥದಲ್ಲಿ 1824ರಲ್ಲಿ ನ್ಯೂಯಾರ್ಕಿನ ಡೇವಿಡ್ ಹೊಸ್ಯಾಕ್ ಬರೆದರು. ಎರ್ಗಟ್ ಒಮ್ಮೆ ಒಳಹೊಕ್ಕರೆ ಗರ್ಭಕೋಶ ಬಿಗಿದೇ ಇರುತ್ತದೆ, ಸಡಿಲಗೊಳ್ಳುವುದಿಲ್ಲ. ಎರಡು ಬೇನೆಗಳ ನಡುವಿನ ವಿರಾಮದಲ್ಲಿಯೇ ಕೂಸಿಗೆ ತಾಯಿಯ ರಕ್ತದಿಂದ ಉಸಿರು ಒದಗುವುದು. ಆ ವಿರಾಮವನ್ನೇ ಈ ಪುಡಿ ಕಸಿದುಕೊಂಡಿತು.

ಇಲ್ಲಿಂದ ಮುಂದೆ ಗೋವಿನ ಉಪಕಾರ. 1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್, ಎತ್ತಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಗರ್ಭಕೋಶವನ್ನು ಸಂಕುಚಿಸುವುದನ್ನು ಕಂಡರು. ಅದರೊಳಗಿನ ವಸ್ತುವೇ ಆಕ್ಸಿಟೋಸಿನ್. ಗ್ರೀಕ್ ಮೂಲದಲ್ಲಿ ಕ್ಷಿಪ್ರ ಪ್ರಸವವೆಂದು ಅರ್ಥ. ಕರು ಕೆಚ್ಚಲಿಗೆ ಗುದ್ದಿದಾಗ ಹಸು ತೊರೆಬಿಡುವುದೂ ಇದರಿಂದಲೇ. ಕೊಟ್ಟಿಗೆಯಲ್ಲಿ ದಿನವೂ ನೋಡುತ್ತಿದ್ದುದರ ಹೆಸರನ್ನು ನಾವು ತಡವಾಗಿ ಕಲಿತೆವು, ಅಷ್ಟೆ. 1948ರಲ್ಲಿ ಥಿಯೋಬಾಲ್ಡ್ ಎಂಬ ವೈದ್ಯರು ಪಿಟ್ಯುಟರಿ ಸಾರವನ್ನು ಬಹಳ ತೆಳುವಾಗಿ ಬೆರೆಸಿ, ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ ವಿಧಾನವನ್ನು ವರದಿ ಮಾಡಿದರು. ಅಮೆರಿಕದ ದು ವಿನ್ಯೋ 1953ರಲ್ಲಿ ಒಂಬತ್ತು ಅಮೈನೋ ಆಮ್ಲಗಳ ಈ ವಸ್ತುವನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ 1955ರಲ್ಲಿ ನೊಬೆಲ್ ಪಡೆದರು. ನೊಬೆಲ್ ಪಡೆದುದು ಎರಡನೆಯದಾದರೂ, ನನ್ನ ದೃಷ್ಟಿಯಲ್ಲಿ ಹೆಣ್ಣುಮಕ್ಕಳಿಗೆ ಹೆಚ್ಚು ಉಪಕಾರ ಮಾಡಿದ್ದು ಆ ಹನಿಯೇ. ಬೇನೆ ಅತಿಯಾದರೆ, ಕೂಸಿನ ಎದೆಬಡಿತ ಕುಗ್ಗಿದರೆ, ಹನಿಯನ್ನು ನಿಲ್ಲಿಸಬಹುದು. ಕೆಲವೇ ನಿಮಿಷಗಳಲ್ಲಿ ಅದರ ಬಲ ಇಳಿಯತೊಡಗುತ್ತದೆ. ನುಂಗಿದ ಪುಡಿಯನ್ನಾಗಲಿ ಸೂಜಿಯಲ್ಲಿ ಒಮ್ಮೆಗೇ ಚುಚ್ಚಿದ್ದನ್ನಾಗಲಿ ಹಿಂದಕ್ಕೆ ತೆಗೆಯಲಾಗದು.

ನನ್ನ ಹಿರಿಯ ಮಗಳಿಗೆ 1999ರಲ್ಲಿ ದಿನ ತುಂಬಿ ವಾರ ಮೀರಿದರೂ ಬೇನೆ ಬರಲಿಲ್ಲ. ಪಟ್ಟಣದ ಆಸ್ಪತ್ರೆಯೊಂದರಲ್ಲಿ ಬಾಟಲಿ ಕಟ್ಟಿದರು. ಹದಿನಾಲ್ಕು ಗಂಟೆ ನರಳಿ ಹೆತ್ತಳು. ಏಕೆ ಬರಿಸುತ್ತಿದ್ದಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತನ್ನ ದೇಹಕ್ಕೆ ಹೆರುವ ಶಕ್ತಿಯೇ ಇಲ್ಲವೆಂದು ಅವಳು ನಂಬಿಬಿಟ್ಟಳು. ನಾಲ್ಕು ವರ್ಷ ಎರಡನೆಯ ಮಗುವಿನ ಮಾತೆತ್ತಿದರೆ ಎದ್ದುಹೋಗುತ್ತಿದ್ದಳು. ಎರಡನೆಯದರಲ್ಲಿ ಬೇನೆ ತಾನಾಗಿ ನಸುಕಿನಲ್ಲಿ ಬಂತು. ಆಸ್ಪತ್ರೆ ಸೇರಿ ಒಂದು ಗಂಟೆ ಕಳೆಯುವುದರೊಳಗೆ ಕೂಸಿನ ಅಳು ಕೇಳಿಸಿತು. "ಅಪ್ಪಾ, ಇದೂ ನೋವೇ. ಆದರೆ ನನ್ನದೇ ನೋವು" ಎಂದಳು.

ಇದು ಪವಾಡವಲ್ಲ. ಒಮ್ಮೆ ಹೆತ್ತ ಗರ್ಭಕೋಶದ ಬಾಯಿ ಎರಡನೆಯ ಸಲ ಸಾಮಾನ್ಯವಾಗಿ ಬೇಗ ತೆರೆದುಕೊಳ್ಳುತ್ತದೆ. ಮೊದಲ ಸಲ ಬೇನೆ ಬರಿಸಿದ್ದು ದಿನ ಮೀರಿದ್ದಕ್ಕೋ, ರಕ್ತದೊತ್ತಡ ಏರಿದ್ದಕ್ಕೋ, ಬೇನೆಯಿಲ್ಲದೆ ನೀರು ಒಡೆದದ್ದಕ್ಕೋ ಎಂಬುದು ಮುಖ್ಯ. ಆ ಕಾರಣ ಮರಳದಿದ್ದರೆ ಬರಿಸುವ ಅಗತ್ಯವೂ ಮರಳಬೇಕೆಂದಿಲ್ಲ. ಮತ್ತೆ ಬರಿಸಬೇಕಾಗಿ ಬಂದರೂ ಎರಡನೆಯದು ಹೆಚ್ಚಾಗಿ ಮೊದಲಿನಷ್ಟು ದೀರ್ಘವಾಗುವುದಿಲ್ಲ. ಆದರೆ ಹಿಂದೆ ಸಿಸೇರಿಯನ್ ಆಗಿದ್ದವರಿಗೆ ಈ ಔಷಧಗಳಿಂದ ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿರಿಯುವ ಭಯ ಹೆಚ್ಚು. ಅಂಥವರಿಗೆ ಬೇನೆ ಬರಿಸಬೇಕೇ ಎಂಬುದನ್ನು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲಿಯೇ ನಿರ್ಧರಿಸಬೇಕು.

ಎರಡನೆಯದು ಬೇಗ ಆಗುತ್ತದೆಂಬುದು ಪಟ್ಟಣದವರಿಗೆ ಸಂತೋಷದ ಸುದ್ದಿ. ನಮ್ಮ ಬೆಟ್ಟದವರಿಗೆ ಚಿಂತೆಯ ಸುದ್ದಿ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲಿ ಉಳಿಯಿತು. 1979ರಲ್ಲಿ ಕೊಯಮತ್ತೂರಿನಿಂದ ಬೇರ್ಪಟ್ಟ ಜಿಲ್ಲೆಯೇ ಇಂದಿನ ಈರೋಡು. ಹೀಗಾಗಿ ನಮ್ಮ ಸರ್ಕಾರಿ ದಾರಿ ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ. ನಮ್ಮ ನಂಟಿನ ದಾರಿ ಚಾಮರಾಜನಗರಕ್ಕೆ. 2008ರಿಂದ ಎರಡೂ ರಾಜ್ಯಗಳಲ್ಲಿ 108 ವಾಹನವಿದೆ, ನಿಜ. ಆದರೂ ಆನೆ ಅಡ್ಡ ನಿಂತ ರಾತ್ರಿ ಎರಡನೆಯ ಕೂಸು ಕಾಯುವುದಿಲ್ಲ.

ಔಷಧದ ದುರುಪಯೋಗದ ಕಥೆಯೂ ಉಂಟು. ಹಾಲು ಹೆಚ್ಚು ಇಳಿಯಲೆಂದು ಹಸು ಎಮ್ಮೆಗಳಿಗೆ ಇದೇ ಸೂಜಿಯನ್ನು ಚುಚ್ಚುವವರು ಹೆಚ್ಚಿದ್ದರಿಂದ, ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸಿ ದೇಶದೊಳಗೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಆದೇಶಿಸಿತು. ದೇಶಕ್ಕೆಲ್ಲ ಒದಗಿಸುವ ಹೊಣೆ ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆಯೊಂದರ ಮೇಲೆಯೇ ಬೀಳುವುದಿತ್ತು. ಹೆತ್ತೊಡನೆ ರಕ್ತಸ್ರಾವ ತಡೆಯಲು ತಾಯಂದಿರಿಗೆ ಕೊಡುವುದೂ ಇದನ್ನೇ. ಕೊರತೆಯಾದರೆ ಪ್ರಾಣಕ್ಕೆ ಸಂಚಕಾರವೆಂದು ಹಲವರು ನ್ಯಾಯಾಲಯಕ್ಕೆ ಹೋದರು. ಅದೇ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ನಿಷೇಧವನ್ನು ರದ್ದುಗೊಳಿಸಿತು.

ಗಡಿನಾಡಿನ ಒಂದು ವಿಶೇಷ ತೊಡಕನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ಚೊಚ್ಚಲು ಹೆರಿಗೆ ತವರಿನಲ್ಲಾಗುತ್ತದೆ, ಎರಡನೆಯದು ಹಲವು ವೇಳೆ ಗಂಡನ ಮನೆಯ ಕಡೆ. ಹೆಣ್ಣು ಕೊಟ್ಟು ತರುವುದು ಗಡಿಯ ಆಚೀಚೆ ನಡೆಯುವುದರಿಂದ ಮೊದಲನೆಯದರ ಚೀಟಿ ಒಂದು ರಾಜ್ಯದ್ದು, ಎರಡನೆಯದರ ವೈದ್ಯರು ಇನ್ನೊಂದರವರು. ಏಕೆ ಬೇನೆ ಬರಿಸಿದರು, ಯಾವ ಔಷಧ ಕೊಟ್ಟರು, ಹೊಲಿಗೆ ಬಿದ್ದಿತೇ ಎಂಬುದೆಲ್ಲ ಆ ಬಿಡುಗಡೆ ಚೀಟಿಯಲ್ಲಿ ಇರಬೇಕಾದದ್ದು. ನನ್ನ ಮಗಳ 1999ರ ಚೀಟಿ ಅವಳ ತಾಯಿಯ ಟ್ರಂಕಿನಲ್ಲಿ, ಜಮೀನಿನ ಪತ್ರಗಳ ಜೊತೆಗೆ ಇತ್ತು. ಎರಡನೆಯ ಹೆರಿಗೆಯ ದಿನ ದಾದಿಯವರು ಮೊದಲು ಕೇಳಿದ್ದು ಅದನ್ನೇ.