ಮೂರು ಗಾಲಿಯ ಕೂಸಿನ ಗಾಡಿ, ಹಳೇ ಕೊಲ್ಹಾರದ ನೆಲ

ಮೂರು ಗಾಲಿ ಅಂದ ಕೂಡಲೇ ನಿಮಗೆ ಆಟೋರಿಕ್ಷಾ ನೆನಪಾಗಬಹುದು. ನನಗೆ ಮಾತ್ರ ನೆನಪಾಗೋದು ಒಂದು ಸದ್ದು. ಕಿರ್... ಕಿರ್... ಅಂತ ಪಡಸಾಲೆಯ ಈ ಗ್ವಾಡಿಯಿಂದ ಆ ಗ್ವಾಡಿಯವರೆಗೆ ಹೋಗಿ, ಧಡ್ ಅಂತ ನಿಂತು, ಆಮೇಲೆ ಒಂದು ಅಳು!

ನಮ್ಮ ಕಡೆ ಕೂಸುಗಳು ಎದ್ದು ನಿಲ್ಲೋಕೆ ಶುರು ಮಾಡಿದಾಗ ಕೈಗೆ ಕೊಡ್ತಿದ್ದ ಮರದ ಗಾಡಿ ನೋಡಿರ್ತೀರಿ. ಹಿಂದೆ ಎರಡು ಗಾಲಿ, ಮುಂದೆ ಒಂದು ಗಾಲಿ, ಮೇಲೆ ಹಿಡಿದುಕೊಳ್ಳೋಕೆ ಒಂದು ಅಡ್ಡಪಟ್ಟಿ. ಅಷ್ಟೇ. ಬೇರೆ ಕಡೆ ಇದಕ್ಕೆ ನಡೆಬಂಡಿ, ನಡಿಗೆ ಗಾಡಿ ಅಂತೆಲ್ಲ ಅಂತಾರೆ, ಗಡಿ ದಾಟಿದರೆ ಮರಾಠಿಯವರು ಪಾಂಗುಳಗಾಡಾ ಅಂತಾರೆ. ನಮ್ಮ ಮನೆಯಲ್ಲಿ ಬರೀ 'ಗಾಡಿ'. ಎತ್ತಿನ ಗಾಡಿಗೆ ಚಕ್ಕಡಿ ಅಂತಿದ್ದರಲ್ಲ, ಹಾಗಾಗಿ ಗೊಂದಲ ಇರಲಿಲ್ಲ. ಚಕ್ಕಡಿ ಕೆಲಸದಲ್ಲಿ ಉಳಿದ ಕರಿಜಾಲಿ ತುಂಡಿನಲ್ಲಿ ಬಡಿಗರು ಮಾಡಿಕೊಟ್ಟದ್ದು. ಚಕ್ಕಡಿಗೆ ಕೀಲೆಣ್ಣೆ ಹಾಕೋ ಅಪ್ಪ, ಈ ಗಾಡಿಗೂ ಒಂದು ಹನಿ ಹಾಕೋಕೆ ಹೋದರೆ ಅವ್ವ ಬಿಡ್ತಿರಲಿಲ್ಲ. "ಬ್ಯಾಡ್ರೀ, ಸಪ್ಪಳ ಬಂದ್ರ ಕೂಸು ಎಲ್ಲೈತಿ ಅಂತ ಅಡಗಿಮನಿಯಾಗ ಕುಂತು ನನಗ ತಿಳೀತೈತಿ" ಅಂತಿದ್ದಳು. ಈಗಿನವರು ಮಗುವಿನ ಕೋಣೆಗೆ ಕ್ಯಾಮೆರಾ ಹಾಕ್ತಾರೆ, ಅವ್ವ ಎಣ್ಣೆ ಹಾಕದೇ ಅದೇ ಕೆಲಸ ಮಾಡಿಸಿಕೊಂಡಳು :-)

ಮೂರೇ ಗಾಲಿ ಯಾಕೆ? ಕಟ್ಟಿಗೆ ಉಳಿಸೋಕೆ ಅಂತ ನಾನು ಒಬ್ಬ ಹಿರಿಯ ಬಡಿಗರ ಎದುರು ಅಂದಾಗ ಅವರು ನಕ್ಕು, "ನೆಲ ಸಪಾಟ ಎಲ್ಲೈತ್ರೀ?" ಅಂದರು. ಮೂರು ಕಾಲಿನ ಮುಕ್ಕಾಲಿ ಎಂಥ ತಗ್ಗುದಿಣ್ಣೆ ಇದ್ದರೂ ಕುಣಿಯೋದಿಲ್ಲ, ಮೂರೂ ಕಾಲು ನೆಲಕ್ಕೆ ಊರಿಯೇ ಇರುತ್ತೆ. ನಾಲ್ಕು ಕಾಲಿನ ಮೇಜಿಗೆ ಆ ಭಾಗ್ಯ ಇಲ್ಲ, ಒಂದು ಕಾಲಿನ ಕೆಳಗೆ ಕಾಗದ ಮಡಚಿ ಇಡಲೇಬೇಕು. ಸೆಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ ನಾಲ್ಕು ಗಾಲಿಯ ಗಾಡಿ ಕೊಟ್ಟರೆ ಒಂದು ಗಾಲಿ ಸದಾ ಗಾಳಿಯಲ್ಲಿ. ಅದನ್ನು ನಂಬಿ ನಿಂತ ಕೂಸು ನೆಲದಲ್ಲಿ. ಮೂರು ಗಾಲಿಗೂ ಒಂದು ದೋಷ ಇದೆ, ತಿರುಗುವಾಗ ಪಕ್ಕಕ್ಕೆ ಭಾರ ಬಿದ್ದರೆ ಸುಲಭವಾಗಿ ಮಗುಚುತ್ತೆ. ಹಿಂದಿನ ಗಾಲಿಗಳ ನಡುವೆ ಅಗಲ ಜಾಸ್ತಿ ಇಟ್ಟಷ್ಟೂ ಮಗುಚೋದು ಕಡಿಮೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಆ ನೆಲದ ಬಗ್ಗೆ. ನಮ್ಮೂರು ಕೊಲ್ಹಾರ, ವಿಜಾಪುರ ಜಿಲ್ಲೆ (2014ರ ನವೆಂಬರ್ 1ರಿಂದ ವಿಜಯಪುರ). ಮೊದಲು ಬಸವನ ಬಾಗೇವಾಡಿ ತಾಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲೂಕು. ಹುಬ್ಬಳ್ಳಿಯಿಂದ ವಿಜಾಪುರಕ್ಕೆ ಬಸ್ಸಿನಲ್ಲಿ ಹೋದವರಿಗೆ ಕೃಷ್ಣೆಯ ಮೇಲಿನ ಆ ಮುಗಿಯದ ಸೇತುವೆ ಮತ್ತು ಗಡಿಗೆಯ ಮೊಸರಿನಿಂದ ಗೊತ್ತಿರುತ್ತೆ. ಆದರೆ ನೀವು ನೋಡಿದ್ದು ಹೊಸ ಕೊಲ್ಹಾರ. ಹಳೇದು ಆಲಮಟ್ಟಿಯ ಹಿನ್ನೀರಿನಲ್ಲಿದೆ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್ 21ಕ್ಕೆ. ನಡುವಿನ 42 ವರ್ಷ "ಇಂದು ಮುಳುಗ್ತೈತಿ, ನಾಳೆ ಮುಳುಗ್ತೈತಿ" ಅನ್ನೋ ಮಾತಿನಲ್ಲೇ ನಮ್ಮ ಕಡೆಯ ಎರಡು ತಲೆಮಾರು ದೊಡ್ಡದಾಯಿತು. ಮುಳುಗೋ ಮನೆಗೆ ಯಾರು ಗಿಲಾವು ಮಾಡಿಸ್ತಾರೆ ಹೇಳಿ? ನೀರು 519.6 ಮೀಟರಿನವರೆಗೆ ನಿಲ್ಲಬಹುದು ಅಂತ 2000ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ದಶಮಾಂಶದ ಲೆಕ್ಕದಲ್ಲಿ ಯಾರ ಪಡಸಾಲೆ ಒಳಗೆ, ಯಾರದ್ದು ಹೊರಗೆ ಅನ್ನೋದು ನಿಂತಿತ್ತು.

ಹಳೇ ಊರಿನ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ದಾಟಿದರೆ ಮೊದಲು ದನ ಕಟ್ಟೋ ಜಾಗ, ಅಲ್ಲಿಂದ ಎರಡು ಅಡಿ ಎತ್ತರಕ್ಕೆ ಪಡಸಾಲೆ. ಗಾಡಿ ತಳ್ಳೋ ಕೂಸು ಆ ಅಂಚಿಗೆ ಬಂದರೆ ನೇರ ಎತ್ತಿನ ಗ್ವಾದಲಿಗೇ! ಅದಕ್ಕೆ ಅಂಚಿನುದ್ದಕ್ಕೂ ಒನಕೆ ಅಡ್ಡ ಇಡ್ತಿದ್ದರು. ಗಾಲಿ ಒನಕೆಗೆ ತಾಗಿ ಧಡ್ ಅಂತ ನಿಲ್ತಿತ್ತು. ಗಾಡಿಗೆ ಬ್ರೇಕ್ ಇರಲಿಲ್ಲ, ಮನೆಗೇ ಇತ್ತು. ಓಣಿಗೆ ಮಾತ್ರ ಆ ಗಾಡಿ ಇಳೀತಿರಲಿಲ್ಲ. ಕಲ್ಲು, ಬಚ್ಚಲ ನೀರು, ಮಳೆಗಾಲದಲ್ಲಿ ಗಾಲಿಗೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳೋ ಎರೆಮಣ್ಣು. ಓಣಿಯಲ್ಲಿ ಕೂಸು ಅಂದರೆ ಯಾರದಾದರೂ ಸೊಂಟದ ಮೇಲೆ.

ಇಂಥ ಗಾಡಿ ಎಷ್ಟು ಹಳೇದು? ಸಂಗಂ ಕಾಲದ 'ಪಟ್ಟಿನಪ್ಪಾಲೈ' ಅನ್ನೋ ತಮಿಳು ಕಾವ್ಯ, ಹೆಚ್ಚೂಕಡಿಮೆ ಎರಡು ಸಾವಿರ ವರ್ಷದ್ದು ಅಂತ ಎಣಿಕೆ, ಕಾವೇರಿ ಸಮುದ್ರ ಸೇರೋ ಕಡೆ ಇದ್ದ ಬಂದರು ಪಟ್ಟಣದ ವರ್ಣನೆ. ಅದರಲ್ಲಿ ಮಕ್ಕಳು ಕುದುರೆಯಿಲ್ಲದ, ಮೂರು ಗಾಲಿಯ ಪುಟ್ಟ ತೇರು ಉರುಳಿಸೋ ಚಿತ್ರ ಬರುತ್ತೆ. ಒಣಗಲು ಹಾಕಿದ ಕಾಳು ತಿನ್ನೋಕೆ ಬಂದ ಕೋಳಿಗೆ ಹೆಣ್ಣುಮಕ್ಕಳು ಕಿವಿಯ ಭಾರದ ಓಲೆ ಕಿತ್ತು ಎಸೀತಾರೆ, ಆ ಓಲೆ ಬಿದ್ದು ಗಾಡಿಗೆ ಅಡ್ಡ ಆಗುತ್ತೆ! ಪಟ್ಟಣದ ಸಿರಿವಂತಿಕೆ ತೋರಿಸೋಕೆ ಕವಿ ಹೇಳಿದ್ದು, ಸರಿ. ನನಗೆ ಮಾತ್ರ ಕಂಡದ್ದು ನಮ್ಮ ಮನೆಯ ಒನಕೆ. ಇನ್ನೊಂದು ಸ್ವಾರಸ್ಯ, ತಮಿಳಿನಲ್ಲಿ 'ಕಾಲ್' ಅಂದರೆ ಗಾಲಿ ಅಂತಲೂ ಅರ್ಥ ಇದೆ, ನಮ್ಮ 'ಗಾಲಿ' ಅದೇ ಬಳಗದ ಪದ.

ಯುರೋಪಿನಲ್ಲೂ ಮಕ್ಕಳು ಹಿಡಿದು ನಡೆಯೋ ಚೌಕಟ್ಟು ಇತ್ತು. 15ನೇ ಶತಮಾನದ ಕೊನೆಗೆ ಹಿರೋನಿಮಸ್ ಬಾಷ್ ಬಾಲಕ ಕ್ರಿಸ್ತನ ಕೈಗೇ ಅಂಥದ್ದೊಂದನ್ನು ಕೊಟ್ಟು ಚಿತ್ರ ಬರೆದಿದ್ದಾನೆ, ವಿಯೆನ್ನಾದಲ್ಲಿದೆ. ಅಂದರೆ ಕೂಸು ತಳ್ಳೋ ಗಾಡಿ ಎಲ್ಲ ಕಡೆಯದು. ಕೂಸನ್ನು ಕೂರಿಸಿ ದೊಡ್ಡವರು ತಳ್ಳೋ ಗಾಡಿಯ ಕಥೆ ಬೇರೆ, ತೀರಾ ಇತ್ತೀಚಿನದು. 1733ರಲ್ಲಿ ವಿಲಿಯಂ ಕೆಂಟ್ ಅನ್ನೋ ಶಿಲ್ಪಿ ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕನ ಮಕ್ಕಳಿಗೆ ಮಾಡಿದ್ದು ಆಡು ಅಥವಾ ಕುದುರೆಮರಿ ಎಳೆಯೋ ರಥ. ನಿಜವಾಗಿ ಹಿಂದಿನಿಂದ ತಳ್ಳೋ ಗಾಡಿಗೆ ಚಾರ್ಲ್ಸ್ ಬರ್ಟನ್ ಲಂಡನ್ನಿನಲ್ಲಿ ಪೇಟೆಂಟ್ ತಗೊಂಡಿದ್ದು 1853ರಲ್ಲಿ. ಅದಕ್ಕೆ ಎಷ್ಟು ಗಾಲಿ ಅಂತೀರಿ? ಮೂರು!

ಇಲ್ಲಿ ಕಾರಣ ತಗ್ಗುದಿಣ್ಣೆ ಅಲ್ಲ, ಕಾನೂನು ಅಂತ ಹೇಳ್ತಾರೆ. 1835ರ ಹೆದ್ದಾರಿ ಕಾಯ್ದೆ ಕಾಲುದಾರಿಯ ಮೇಲೆ ಬಂಡಿ ಓಡಿಸಬಾರದು ಅಂದಿತ್ತು. ನಾಲ್ಕು ಗಾಲಿ ಇದ್ದರೆ ಅದು ಬಂಡಿ, ಮೂರೇ ಇದ್ದರೆ ಹೇಗೋ ತಪ್ಪಿಸಿಕೊಳ್ಳಬಹುದು. ದಾರಿಹೋಕರ ಕಾಲಿಗೆ ತಾಗ್ತಾವೆ ಅಂತ ಲಂಡನ್ನಿನವರು ಗೊಣಗಿದ್ದೂ ಉಂಟು. ಆಮೇಲೆ ನಾಲ್ಕು ಗಾಲಿಯ ತೊಟ್ಟಿಲಿನಂಥ ದೊಡ್ಡ ಪ್ರಾಮುಗಳು ಬಂದು ಮೂರು ಗಾಲಿ ಮೂಲೆ ಸೇರಿತು. 1965ರಲ್ಲಿ ಓವನ್ ಮೆಕ್ಲಾರೆನ್ ಅನ್ನೋ ವಿಮಾನ ಎಂಜಿನಿಯರ್, ಸ್ಪಿಟ್‌ಫೈರ್ ವಿಮಾನದ ಗಾಲಿ ಮಡಚೋ ಕೆಲಸ ಬಲ್ಲವರು, ಛತ್ರಿಯ ಹಾಗೆ ಮಡಚೋ ಅಲ್ಯುಮಿನಿಯಂ ಗಾಡಿ ಮಾಡಿದರು. ತೂಕ ಮೂರು ಕಿಲೋಗೂ ಕಡಿಮೆ. ಮೂರು ಗಾಲಿ ಮತ್ತೆ ಎದ್ದದ್ದು 1984ರಲ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಪತ್ರಿಕೆಯೊಂದರ ಕೆಲಸದಲ್ಲಿದ್ದ ಫಿಲ್ ಬೆಕ್ಲರ್, ಮಗನನ್ನೂ ಕೂರಿಸಿಕೊಂಡು ಓಡಬೇಕು ಅಂತ ಹಳೇ ತಳ್ಳುಗಾಡಿಗೆ ಸೈಕಲ್ ಗಾಲಿ ಸಿಕ್ಕಿಸಿದರು. ಅಲ್ಲಿಗೆ ಕಥೆ ಪುನಃ ನಮ್ಮ ಬಡಿಗರ ಮಾತಿಗೇ ಬಂತು, ನೆಲ ಸಪಾಟ ಎಲ್ಲೈತ್ರೀ?

ಇಷ್ಟೆಲ್ಲ ಹುಡುಕೋಕೆ ಕಾರಣ ನನ್ನ ಅಕ್ಕನ ಮಗ. ಪುಣೆಯಲ್ಲಿದ್ದಾನೆ, ಎಂಟು ತಿಂಗಳ ಮಗಳು. ದೀಪಾವಳಿಗೆ ಕೊಲ್ಹಾರಕ್ಕೆ ಬಂದು ಒಂದು ತಿಂಗಳು ಇರ್ತಾರಂತೆ. "ಮಾಮಾ, ಮೂರು ಗಾಲೀದು ತಗೊಳ್ಳೋದಾ, ನಾಕು ಗಾಲೀದಾ?" ಅಂತ ಎರಡು ಮೂರು ಗಾಲಿಯವು, ಒಂದು ನಾಲ್ಕು ಗಾಲಿಯದು, ಫೋಟೋ ಕಳಿಸಿದ. ಅಂಗಡಿಯವರು ಬಣ್ಣ ಮತ್ತು ಕಪ್ ಇಡೋ ಜಾಗದ ಬಗ್ಗೆ ಬಹಳ ಹೇಳಿದ್ದರು, ನೆಲದ ಬಗ್ಗೆ ಯಾರೂ ಕೇಳಿರಲಿಲ್ಲ.

ಪುಣೆಯ ಮಾಲಿಗೆ, ಲಿಫ್ಟಿಗೆ, ಕಾರಿನ ಡಿಕ್ಕಿಗೆ ಮಡಚೋ ನಾಲ್ಕು ಗಾಲಿಯದು ಸಾಕು. ಸಣ್ಣ ಪ್ಲಾಸ್ಟಿಕ್ ಗಾಲಿ ಕೊಲ್ಹಾರದಲ್ಲಿ ಎರಡನೇ ದಿನಕ್ಕೇ ಸಿಕ್ಕಿಬೀಳುತ್ತೆ. ಹೊಸ ಊರಿನ ರಸ್ತೆ ಅಗಲ ಇದೆ, ನೇರ ಇದೆ, ಆದರೆ ಕೆಳಗಿರೋದು ಅದೇ ಎರೆನೆಲ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಮೇಲಿನ ಡಾಂಬರು ಅಲೆ ಅಲೆ ಆಗುತ್ತೆ. ಇಲ್ಲಿ ದೊಡ್ಡ ಗಾಲಿಯ ಮೂರು ಚಕ್ರದ್ದೇ ಸರಿ. ಗಾಳಿ ತುಂಬೋ ಟೈರು ಮೆತ್ತಗಿರುತ್ತೆ, ನಿಜ, ಆದರೆ ಬಳ್ಳಾರಿ ಜಾಲಿ ಇರೋ ಊರಿನಲ್ಲಿ ಅದನ್ನು ತರೋದು ಪಂಕ್ಚರ್ ಅಂಗಡಿಯವನಿಗೆ ಉಡುಗೊರೆ. ಒಳಗೆ ಫೋಮ್ ತುಂಬಿದ ಟೈರು ತಗೋ ಅಂದೆ. ಮುಂದಿನ ಗಾಲಿ ತಿರುಗೋ ಹಾಗೂ ಇರಬೇಕು, ಬೇಕಾದಾಗ ನೇರಕ್ಕೆ ಬೀಗ ಹಾಕೋ ಹಾಗೂ ಇರಬೇಕು. ಮನೆಯೊಳಗೆ ತಿರುಗಲಿ, ಕಚ್ಚಾ ದಾರಿಯಲ್ಲಿ ಬೀಗ. ಇಲ್ಲದಿದ್ದರೆ ಒಂದು ಕಲ್ಲಿಗೆ ಗಾಲಿ ಅಡ್ಡ ತಿರುಗಿ ಗಾಡಿ ಮುಗ್ಗರಿಸುತ್ತೆ. ಹೆಗಲು, ಸೊಂಟ, ತೊಡೆಗಳ ನಡುವೆ, ಐದು ಕಡೆ ಬಿಗಿಯೋ ಪಟ್ಟಿ ಕಡ್ಡಾಯ. ಕೂಸನ್ನು ಕೂರಿಸಿ ಓಡೋ ಹುಚ್ಚು ಇದ್ದರೆ ಡಾಕ್ಟರನ್ನು ಕೇಳದೇ ಬೇಡ. ಕತ್ತು ನಿಲ್ಲದ ಕೂಸಿಗಂತೂ ಇದು ಅಲ್ಲವೇ ಅಲ್ಲ, ಅದಕ್ಕೆ ಅಂಗಾತ ಮಲಗಿಸೋ ಅನುಕೂಲ ಬೇಕು. ಬಿಸಿಲಿಗೆ ಅಂತ ಮೇಲೆ ಬಟ್ಟೆ ಪೂರ್ತಿ ಮುಚ್ಚಬಾರದು, ಒಳಗೆ ಗಾಳಿ ಆಡದೇ ಕಾವು ಏರುತ್ತೆ.

ಮತ್ತೊಂದು, ಇದು ಕೊಲ್ಹಾರದವರಿಗೇ ಮೀಸಲು: ಹಿಡಿಕೆಗೆ ಮೊಸರಿನ ಗಡಿಗೆಯ ಚೀಲ ನೇತುಹಾಕಬೇಡಿ. ಕೂಸನ್ನು ಎತ್ತಿಕೊಂಡ ಕ್ಷಣ ಮುಂದಿನ ಭಾರ ಹೋಗಿ ಗಾಡಿ ಹಿಂದಕ್ಕೆ ಮಗುಚುತ್ತೆ. ಗಡಿಗೆ ಬೋರಲು ಹಾಕಿದರೂ ಮೊಸರು ಬೀಳೋದಿಲ್ಲ ಅಂತ ನಾವು ಜಂಬ ಕೊಚ್ಚಿಕೊಳ್ಳೋದು ಬೇರೆ, ಗಡಿಗೆ ಒಡೆಯೋದು ಬೇರೆ.

ಇದನ್ನೆಲ್ಲ ಕೇಳಿಸಿಕೊಂಡ ಅಕ್ಕ, "ಅದ್ಯಾಕ ಅಷ್ಟು ರೊಕ್ಕ? ನಮ್ಮ ಗಾಡಿ ಇತ್ತಲ್ಲ?" ಅಂದಳು. ಇತ್ತು. ಆದರೆ ಅದು ನಮ್ಮ ಮನೆಯದಾಗಿ ಯಾವತ್ತೂ ಇರಲಿಲ್ಲ, ಓಣಿಯದಾಗಿತ್ತು. ನಾನು ನಡೆಯೋಕೆ ಕಲಿತ ಮೇಲೆ ಪಕ್ಕದ ಮನೆಗೆ, ಅಲ್ಲಿಂದ ಎದುರಿನ ಮನೆಗೆ, ಮತ್ತೆ ತಂಗಿ ಹುಟ್ಟಿದಾಗ ನಮ್ಮಲ್ಲಿಗೆ. ಹಿಂದೂ ಮುಸ್ಲಿಂ ಲೆಕ್ಕವಿಲ್ಲದೇ ಆ ಓಣಿಯ ಕೂಸುಗಳೆಲ್ಲ ಅದೇ ಅಡ್ಡಪಟ್ಟಿ ಕಚ್ಚಿ ಹಲ್ಲು ಬರಿಸಿಕೊಂಡವು. ಪರಿಹಾರದ ಕಾಲಕ್ಕೆ ಇನ್ನೂ 1894ರ ಭೂಸ್ವಾಧೀನ ಕಾಯ್ದೆಯೇ ನಡೀತಿತ್ತು. ಜಾಗ, ಗೋಡೆ, ಗಿಡಮರಕ್ಕೆ ಬೆಲೆ ಕಟ್ಟಿದರು. ಹೊಸ ಊರಿನಲ್ಲಿ ನಮ್ಮ ಓಣಿಯವರು ಒಬ್ಬೊಬ್ಬರು ಒಂದೊಂದು ದಿಕ್ಕಿನ ಪ್ಲಾಟಿಗೆ ಹೋದರು, ಕೆಲವರು ವಿಜಾಪುರಕ್ಕೆ. ಗಾಡಿ ಆ ಹೊತ್ತಿಗೆ ಯಾರ ಮನೆಯಲ್ಲಿತ್ತೋ, ಅವರ ಸಾಮಾನಿನ ಜೊತೆ ಹೋಯಿತು. ಆಮೇಲೆ ಅದು ತಿರುಗಿ ಬರಲಿಲ್ಲ, ಕೇಳಿಕೊಂಡು ಬರೋಕೆ ಅದು ಎರಡು ಹೆಜ್ಜೆಯ ದಾರಿಯಾಗಿ ಉಳಿದಿರಲಿಲ್ಲ. ಮುಂದಿನ ಕೂಸುಗಳಿಗೆ ಒಬ್ಬೊಬ್ಬರು ಒಂದೊಂದು ಪ್ಲಾಸ್ಟಿಕ್ ವಾಕರ್ ತಂದರು, ಕೂಸು ನಡುವೆ ಕೂತು ಕಾಲು ಬಡಿಯೋ ಥರದ್ದು. ಮೆಟ್ಟಿಲಿಂದ ಉರುಳಿ ಆದ ಗಾಯಗಳನ್ನು ನೋಡಿ ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧ ಮಾಡಿದೆ. ಅದನ್ನು ನಮ್ಮ ಗಾಡಿಗೆ ಹೋಲಿಸಬೇಡಿ. ನಮ್ಮದರಲ್ಲಿ ಕೂಸು ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಕೈಬಿಟ್ಟರೆ ಗಾಡಿ ಅಲ್ಲೇ ನಿಲ್ಲುತ್ತೆ.

ಹಾಗಾಗಿ ಅಕ್ಕನ ಮಗನಿಗೆ ಎರಡು ಗಾಡಿ ಹೇಳಿದ್ದೇನೆ. ಕೂರಿಸಿ ತಳ್ಳೋದು ಪುಣೆಯಿಂದ ತರಲಿ. ಕೂಸು ತಳ್ಳೋದನ್ನು ನಾನು ಇಲ್ಲಿ ಬಡಿಗರ ಹತ್ತಿರ ಮಾಡಿಸ್ತೀನಿ, ಹಿಂದಿನ ಗಾಲಿ ಅಗಲವಾಗಿ.

ತರೋ ಮೊದಲು ಬಾಗಿಲು ಅಳೆದು ನೋಡು ಅಂತ ಅಕ್ಕನಿಗೆ ಹೇಳಿದೆ. ಹೊಸ ಮನೆಯ ಗೋಡೆ ಸಿಮೆಂಟಿನದು, ತಲೆಬಾಗಿಲು ಮಾತ್ರ ಹಳೇ ಊರಿನ ಮನೆಯಿಂದ ಚೌಕಟ್ಟು, ಹೊಸ್ತಿಲು ಸಮೇತ ಕಿತ್ತು ಚಕ್ಕಡಿಯಲ್ಲಿ ತಂದದ್ದು. ಒಳಗಿನ ಅಗಲ 27 ಅಂಗುಲ ಬಂತು. ಅವನು ಕಳಿಸಿದ ಮೂರು ಗಾಲಿಯವುಗಳಲ್ಲಿ ಒಂದು 28 ಅಂಗುಲ, ಇನ್ನೊಂದು 24. ಇಪ್ಪತ್ನಾಲ್ಕರದ್ದನ್ನು ತರ್ತಿದ್ದಾನೆ. ಹೊಸ್ತಿಲು ಐದು ಅಂಗುಲ ಎತ್ತರ ಇದೆ, ಅಲ್ಲಿ ಮಾತ್ರ ಇಬ್ಬರು ಎತ್ತಿ ದಾಟಿಸಬೇಕು.