ವಿಜಯಪುರದ ಬಿಸಿಲಿಗೂ ಕರಗದ ಪಾಚಿ

ಇವತ್ತಿನ ಕಥೆ ಸಮುದ್ರದ್ದು. ಆದರೆ ನನಗೆ ಅದು ಸಿಕ್ಕಿದ್ದು ಸಿಂದಗಿ ಕಡೆ. ನಗಬೇಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ನಿಂತರೂ ಸಮುದ್ರ ಕಾಣಲ್ಲ. ನಮಗೆ ದೊಡ್ಡ ನೀರು ಅಂದ್ರೆ ಆಲಮಟ್ಟಿ ಹಿನ್ನೀರು.

ಡಿಗ್ರಿ ಎರಡನೇ ವರ್ಷ, ಏಪ್ರಿಲ್ ತಿಂಗಳು. ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕರೆಂಟ್ ಇಲ್ಲ. ನಾವೆಲ್ಲ ಬೆವರಿನಲ್ಲಿ ಕರಗಿ ಹೋಗ್ತಿದ್ದೀವಿ, ಪೆಟ್ರಿ ಡಿಶ್‌ನೊಳಗಿನ ಜೆಲ್ಲಿ ಮಾತ್ರ ಗಟ್ಟಿಯಾಗಿ ಕೂತಿದೆ. ಮೇಡಂ ಹೇಳಿದ್ರು: "ಇದು ಸಮುದ್ರದ ಪಾಚಿ. ನಿಮ್ಮ ಮನ್ಯಾಗೂ ಇರ್ತದ ನೋಡ್ರಿ, ಚೈನಾ ಗ್ರಾಸ್ ಅಂತ." ಪುಡ್ಡಿಂಗ್‌ಗೆ ಹಾಕೋ ಅದೇ ಬಿಳಿ ದಾರದಂಥ ವಸ್ತು. ಅದರ ಹೆಸರು ಅಗರ್.

ಈಗ 1881ಕ್ಕೆ ಹೋಗೋಣ. ಜರ್ಮನಿಯಲ್ಲಿ ರಾಬರ್ಟ್ ಕಾಖ್ ಮತ್ತು ಅವರ ಜೊತೆಗಾರರು ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆ ಮಾಡಿ ಬೆಳೆಸಲು ಹೆಣಗಾಡುತ್ತಿದ್ದರು. ಅವರು ಬಳಸುತ್ತಿದ್ದದ್ದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್. ನಮ್ಮ ಮೈಯ ಶಾಖ 37 ಡಿಗ್ರಿ. ಅಷ್ಟು ಬಿಸಿ ತಾಗುವ ಮೊದಲೇ ಜೆಲಟಿನ್ ನೀರಾಗುತ್ತದೆ. ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ಕರಗಿಸಿಬಿಡುತ್ತವೆ. ಆ ತಂಡದಲ್ಲಿದ್ದ ವಾಲ್ತರ್ ಹೆಸ್ಸೆ ರೋಸಿಹೋಗಿ ಮನೆಯಲ್ಲಿ ಹೆಂಡತಿಯನ್ನು ಕೇಳಿದರು: ಬೇಸಿಗೆಯಲ್ಲೂ ನಿನ್ನ ಜೆಲ್ಲಿ ಕರಗಲ್ಲವಲ್ಲ, ಹೇಗೆ?

ಹೆಂಡತಿ ಫ್ಯಾನಿ ಹೆಸ್ಸೆ ನ್ಯೂಯಾರ್ಕ್ ಕಡೆ ಬೆಳೆದವರು. ಜಾವಾದಲ್ಲಿದ್ದು ಬಂದಿದ್ದ ಡಚ್ ನೆರೆಯವರಿಂದ ಅಗರ್ ಬಳಸೋದು ಕಲಿತಿದ್ದರು. ಸೆಕೆ ನಾಡಿನ ಅಡುಗೆಮನೆ ವಿದ್ಯೆ ಅದು. ಅಗರ್ ಕರಗಬೇಕಾದರೆ ಸುಮಾರು 85 ಡಿಗ್ರಿ ಬೇಕು. ಒಮ್ಮೆ ಕರಗಿದ ಮೇಲೆ 40ರ ಆಸುಪಾಸಿಗೆ ಇಳಿಯುವ ತನಕ ಗಟ್ಟಿಯಾಗಲ್ಲ. ಬಹುತೇಕ ಬ್ಯಾಕ್ಟೀರಿಯಾಗಳಿಗೆ ಅದನ್ನು ಜೀರ್ಣಿಸಿಕೊಳ್ಳೋಕೂ ಆಗಲ್ಲ. 1882ರಲ್ಲಿ ಕಾಖ್ ಕ್ಷಯರೋಗದ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಅಗರ್ ಹೆಸರು ಬಂತು, ಹೆಸ್ಸೆ ದಂಪತಿಯ ಹೆಸರು ಬರಲಿಲ್ಲ. 1887ರಲ್ಲಿ ಅದೇ ಲ್ಯಾಬಿನ ಪೆಟ್ರಿ ಮುಚ್ಚಳದ ತಟ್ಟೆ ಮಾಡಿದರು. ಅವರ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿದೆ. ತಟ್ಟೆಗೆ ಹೆಸರು ಸಿಕ್ಕಿತು, ಅದರೊಳಗಿನ ಅಡುಗೆ ಯಾರದೆಂದು ಯಾರೂ ಕೇಳಲಿಲ್ಲ. 1939ರಲ್ಲಿ ಹಿಚನ್ಸ್ ಮತ್ತು ಲೈಕಿಂಡ್ ಎಂಬಿಬ್ಬರು ಇದಕ್ಕೆ ಫ್ಯಾನಿ ಅವರ ಹೆಸರಿಡಿ ಎಂದು ಬರೆದರು. ಯಾರೂ ಇಡಲಿಲ್ಲ. ಅಷ್ಟೊತ್ತಿಗೆ ಫ್ಯಾನಿ ತೀರಿಕೊಂಡು ಐದು ವರ್ಷ ಆಗಿತ್ತು.

ಸರಿ, ಪಾಚಿಗೆ ಈ ಗುಣ ಎಲ್ಲಿಂದ ಬಂತು? ಅಗರ್ ಕೊಡುವ ಕೆಂಪು ಪಾಚಿಗಳು ಹಲವು. ನಮ್ಮ ದೇಶದ್ದು ಅಂದ್ರೆ ಜೆಲಿಡಿಯೆಲ್ಲಾ ಅಸೆರೋಸಾ, ತಮಿಳುನಾಡಿನ ಮನ್ನಾರ್ ಕೊಲ್ಲಿಯ ಬಂಡೆಗಳ ಮೇಲೆ ಬೆಳೆಯುತ್ತದೆ. ಬೆರಳುದ್ದದ ಗಿಡ. ಅಲ್ಲಿಯವರು ಅದನ್ನು ಮರಿಕೊಳುಂದು ಪಾಸಿ ಅಂತಾರೆ. ಮರಿಕೊಳುಂದು ಅಂದ್ರೆ ನಮ್ಮ ದವನ! ಕವಲೊಡೆದ ಎಳೆಗಳು ನೋಡೋಕೆ ಹಾಗೇ ಇರುತ್ತವೆ. ಕೆಂಪು ಪಾಚಿ ಅನ್ನೋದು ಗುಂಪಿನ ಹೆಸರು. ಬಿಸಿಲಿಗೆ ಬಿದ್ದದ್ದು ಹಳದಿ, ಕಂದು ಬಣ್ಣಕ್ಕೂ ತಿರುಗುತ್ತದೆ. ಭರತ ಬಂದಾಗ ಅಲೆಗಳ ಹೊಡೆತ, ಇಳಿತದಲ್ಲಿ ಸುಡು ಬಿಸಿಲು. ಮುರಿಯಬಾರದು, ಒಣಗಲೂಬಾರದು. ಅದಕ್ಕೇ ಅದರ ಜೀವಕೋಶದ ಗೋಡೆಯಲ್ಲಿ ಅಗರ್ ತುಂಬಿದೆ: ಬಾಗುತ್ತದೆ, ನೀರು ಹಿಡಿದಿಟ್ಟುಕೊಳ್ಳುತ್ತದೆ.

ಇನ್ನೊಂದು ವಿಚಿತ್ರ. ಕೆಂಪು ಪಾಚಿಗಳ ಗಂಡು ಕೋಶಕ್ಕಾಗಲಿ ಬೀಜಕಕ್ಕಾಗಲಿ ಈಜುವ ಬಾಲವೇ ಇಲ್ಲ. ನೀರು ಎತ್ತ ಒಯ್ದರೆ ಅತ್ತ. ಆದರೆ ಬಂಡೆಗೆ ಅಂಟಿ ಹರಡಿದ ಬುಡ ಉಳಿದರೆ ಸಾಕು, ಜೆಲಿಡಿಯೆಲ್ಲಾ ಮತ್ತೆ ಚಿಗುರುತ್ತದೆ, ನಿಧಾನಕ್ಕೆ. ಬುಡಸಮೇತ ಕಿತ್ತರೆ ಬಂಡೆ ಬೋಳು.

ಎರಡನೇ ಮಹಾಯುದ್ಧದಲ್ಲಿ ಜಪಾನಿನ ಅಗರ್ ನಿಂತಾಗ ಬ್ರಿಟನ್, ಭಾರತ ಎಲ್ಲ ತಮ್ಮ ಕಡಲಿನ ಪಾಚಿ ಹುಡುಕಿದವು. 2015ರಲ್ಲಿ ಮೊರಾಕ್ಕೊ ತನ್ನ ಪಾಚಿಗೆ ಮಿತಿ ಹಾಕಿದಾಗ ಜಗತ್ತಿನ ಲ್ಯಾಬ್‌ಗಳಲ್ಲಿ ಮತ್ತೆ ಗಾಬರಿ. ನಮಗೇನು ಅಂತೀರಾ? ಕಾಲುವೆ ನೀರು ಬಂತು ಅಂತ ನಮ್ಮ ಕಡೆ ರೈತರು ಹಚ್ಚೋ ಟಿಶ್ಯೂ ಕಲ್ಚರ್ ಬಾಳೆ ಇದೆಯಲ್ಲ, ಅಂಥ ಸಸಿಗಳು ಬಾಟಲಿಯೊಳಗೆ ಮೊದಲು ಬೆಳೆಯುವ ಜೆಲ್ಲಿ ಸಾಮಾನ್ಯವಾಗಿ ಅಗರ್. ಆಸ್ಪತ್ರೆಯಲ್ಲಿ ಮೂತ್ರದ ಕಲ್ಚರ್ ಟೆಸ್ಟ್‌ಗೆ ಬರೆದರೆ, ಅದೂ ಅಗರ್ ಮೇಲೆಯೇ.

ಮನ್ನಾರ್ ಕೊಲ್ಲಿಯಲ್ಲಿ ಪಾಚಿ ಕೀಳುವವರು ಹೆಚ್ಚಾಗಿ ಹೆಂಗಸರು. 1986ರಲ್ಲಿ ಅಲ್ಲಿನ ದ್ವೀಪಗಳು ರಾಷ್ಟ್ರೀಯ ಉದ್ಯಾನ ಆದಮೇಲೆ ಅವರ ಕೆಲಸಕ್ಕೇ ಕುತ್ತು ಬಂತು. ಪಾಂಬನ್ ಹತ್ತಿರದ ಲಕ್ಷ್ಮಿ ಮೂರ್ತಿ ಈ ಹೆಂಗಸರ ಹಕ್ಕಿಗಾಗಿ ನಿಂತರು, 2015ರಲ್ಲಿ ಅವರಿಗೆ ಸೀಕಾಲಜಿ ಪ್ರಶಸ್ತಿ ಬಂತು. ಪಾಚಿ ಮುಗಿಯಬಾರದು ಅಂತ ಅವರೇ ಕಟ್ಟು ಹಾಕಿಕೊಂಡಿದ್ದಾರೆ: ತಿಂಗಳಿಗೆ 12 ದಿನ ಮಾತ್ರ ಕೆಲಸ. ಬೆರಳಿಗೆ ಬಟ್ಟೆ ಚೂರು ಸುತ್ತಿಕೊಂಡು, ಉಸಿರು ಬಿಗಿಹಿಡಿದು ನೀರಿಗಿಳಿಯುತ್ತಾರೆ. ಕೈಯಿಂದಲೇ ಕೀಳುತ್ತಾರೆ, ಬುಡ ಬಿಟ್ಟು.