ನಾಲಿಗೆ ಸುಡೋ ಖಾರ, ಸೋಪು ಮತ್ತು ಒಂದು ಪಾಲಿಮರ್ ಕಥೆ

ಮಿರ್ಚಿ ಬಜ್ಜಿ ಕಚ್ಚಿದ ಕೂಡಲೇ ನಾಲಿಗೆ ಉರಿಯುತ್ತಲ್ಲ, ಅಲ್ಲಿ ನಿಜವಾಗಿ ಏನೂ ಸುಟ್ಟಿರಲ್ಲ. ನರಕೋಶದ ಪೊರೆಯಲ್ಲಿ ಟಿಆರ್‌ಪಿವಿ1 ಅನ್ನೋ ಪ್ರೊಟೀನ್ ಬಾಗಿಲೊಂದಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಂದು ಕೂತರೆ ಅದು ತೆರೆಯುತ್ತೆ, ಮಿದುಳಿಗೆ ‘ಬೆಂಕಿ’ ಅಂತ ಸುದ್ದಿ ಹೋಗುತ್ತೆ. ಡೇವಿಡ್ ಜೂಲಿಯಸ್ ತಂಡ ಇದನ್ನು ಗುರುತಿಸಿದ್ದು 1997ರಲ್ಲಿ. ಅದರ ಆಕಾರ ವಿವರವಾಗಿ ಕಂಡದ್ದು 2013ರಲ್ಲಿ. 16 ವರ್ಷ ಯಾಕೆ ಬೇಕಾಯ್ತು?

ಕೋಶದ ಪೊರೆ ಅಂದ್ರೆ ಮುಖ್ಯವಾಗಿ ಕೊಬ್ಬು. ಅದರಲ್ಲಿ ಹುದುಗಿರೋ ಪ್ರೊಟೀನನ್ನು ಹಾಗೇ ನೀರಿಗೆ ತಂದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತೆ. ಹಾಗಾಗಿ ದಶಕಗಳ ಕಾಲ ವಿಜ್ಞಾನಿಗಳು ಡಿಟರ್ಜೆಂಟ್ ಹಾಕಿ, ಜಿಡ್ಡು ಪಾತ್ರೆ ತೊಳೆದ ಹಾಗೆ, ಪ್ರೊಟೀನನ್ನು ಬಿಡಿಸುತ್ತಿದ್ದರು. ಸೋಪನ್ನು ಬೈಯೋ ಹಾಗಿಲ್ಲ. 1985ರಲ್ಲಿ ದ್ಯುತಿಸಂಶ್ಲೇಷಣೆಯ ಪ್ರೊಟೀನ್ ರಚನೆ ಸಿಕ್ಕಿದ್ದು, 1988ರಲ್ಲಿ ಅದಕ್ಕೆ ನೊಬೆಲ್ ಬಂದಿದ್ದು ಇದೇ ದಾರಿಯಲ್ಲಿ. ಆದರೆ ಸೋಪಿನಲ್ಲಿ ಎಷ್ಟೋ ಪ್ರೊಟೀನ್‌ಗಳ ಆಕಾರ ಕೆಡುತ್ತೆ. ಇದು ಸಣ್ಣ ತೊಂದರೆ ಅಲ್ಲ. ನಾವು ನುಂಗೋ ಔಷಧಗಳಲ್ಲಿ ದೊಡ್ಡ ಪಾಲು ಕೆಲಸ ಮಾಡೋದು ಇಂಥ ಪ್ರೊಟೀನ್‌ಗಳ ಮೇಲೇ.

1996ರಲ್ಲಿ ಪ್ಯಾರಿಸ್‌ನ ಜೀವವಿಜ್ಞಾನಿ ಜಾನ್-ಲುಕ್ ಪೊಪೋ, ಪಾಲಿಮರ್ ರಸಾಯನಶಾಸ್ತ್ರದ ಕ್ರಿಸ್ಟೋಫ್ ಟ್ರಿಬೆ ಮತ್ತು ರೋಲಾಂ ಒಡಬೇರ್ ಜೊತೆ ಸೇರಿ ‘ಆಂಫಿಪೋಲ್’ ಪ್ರಕಟಿಸಿದರು. ಸೋಪಿನ ಕಣಗಳು ಒಂಟಿಯಾಗಿ ಬಂದು ಹೋಗ್ತಾ ಇರ್ತವೆ. ಪಾಲಿಮರ್ ಹಾಗಲ್ಲ, ಅದೊಂದು ಸರಪಳಿ. ನೂರು ಕಡೆ ಹಿಡಿದುಕೊಳ್ಳುತ್ತೆ, ಒಂದು ಕಡೆ ಬಿಟ್ಟರೂ ಕಳಚಲ್ಲ. ಪ್ರೊಟೀನಿಗೆ ಸೊಂಟಪಟ್ಟಿ ಕಟ್ಟಿದ ಹಾಗೆ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಿಫಾನ್ ಚೆಂಗ್ ಮತ್ತು ಜೂಲಿಯಸ್ ತಂಡಗಳು ಟಿಆರ್‌ಪಿವಿ1ಗೆ ಕಟ್ಟಿದ್ದು ಇದೇ ಪಟ್ಟಿ. ಹರಳು ಮಾಡೋ ಗೋಜಿಲ್ಲದೆ, ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಯಲ್ಲಿ 3.4 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ಚಿತ್ರ ಬಂತು.

ಆದರೂ ಆಂಫಿಪೋಲ್ ಕಟ್ಟೋ ಮೊದಲು ಸಾಮಾನ್ಯವಾಗಿ ಸೋಪು ಬೇಕೇ ಬೇಕು. ಅದನ್ನೂ ಬಿಡೋಕಾಗುತ್ತೆ ಅಂತ 2009ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ತೋರಿಸಿದರು. ಥರ್ಮಾಕೋಲ್ ಆಗೋದು ಸ್ಟೈರೀನ್‌ನಿಂದ ತಾನೇ? ಅದೇ ಸ್ಟೈರೀನ್ ಜೊತೆ ಮ್ಯಾಲಿಯಿಕ್ ಆಮ್ಲ ಸೇರಿದ ಪಾಲಿಮರ್ ಅದು, ಹೆಸರು ಎಸ್‌ಎಂಎ. ಪೊರೆಯನ್ನೇ ಸುಮಾರು 10 ನ್ಯಾನೋಮೀಟರ್‌ನ ಬಿಲ್ಲೆಗಳಾಗಿ ಕತ್ತರಿಸುತ್ತೆ. ನಾನು ಕಾಮರ್ಸ್ ಓದಿದವನು, ನನಗೆ ಅರ್ಥವಾಗಿದ್ದು ಹೀಗೆ: ಸಸಿಯನ್ನು ಬೇರು ತೊಳೆದು ಕೀಳೋದು ಒಂದು, ಬುಡದ ಮಣ್ಣಿನ ಸಮೇತ ಎತ್ತೋದು ಇನ್ನೊಂದು.

ಎಸ್‌ಎಂಎಗೂ ಹಟ ಇದೆ. ಮೆಗ್ನೀಸಿಯಂ, ಕ್ಯಾಲ್ಸಿಯಂ ಜಾಸ್ತಿಯಾದರೆ ಗಸಿಯ ಹಾಗೆ ತಳಕ್ಕೆ ಕೂರುತ್ತೆ. ಎಷ್ಟೋ ಪ್ರೊಟೀನ್‌ಗಳಿಗೆ ಕೆಲಸ ಮಾಡೋಕೆ ಬೇಕಾಗಿರೋದೇ ಮೆಗ್ನೀಸಿಯಂ! ಆದ್ದರಿಂದ ಅದನ್ನು ತಡೆದುಕೊಳ್ಳೋ ಹೊಸ ಪಾಲಿಮರ್‌ಗಳನ್ನು ಮಾಡ್ತಾನೇ ಇದ್ದಾರೆ. 2017ರಲ್ಲಿ ಬಂದ ‘ಡಿಬ್ಮಾ’ ಅಂಥದ್ದು.

ಇಷ್ಟೆಲ್ಲ ಕಷ್ಟಪಟ್ಟು ಆ ಮಣ್ಣು ಉಳಿಸಬೇಕಾ? 2016ರಲ್ಲಿ ಚೆಂಗ್, ಜೂಲಿಯಸ್ ಅವರೇ ಟಿಆರ್‌ಪಿವಿ1 ಅನ್ನು ಕೊಬ್ಬಿನ ಬಿಲ್ಲೆಯೊಳಗೆ ಕೂರಿಸಿ ನೋಡಿದರು. ಈ ಸಲ ಬಿಲ್ಲೆ ಹಿಡಿದಿಟ್ಟಿದ್ದು ಪಾಲಿಮರ್ ಅಲ್ಲ, ಇನ್ನೊಂದು ಪ್ರೊಟೀನ್. ಆಗ ಕಂಡಿದ್ದೇನು ಗೊತ್ತಾ? ಬಾಗಿಲು ಮುಚ್ಚಿರುವಾಗ, ಕ್ಯಾಪ್ಸೈಸಿನ್ ಬಂದು ಕೂರೋ ಜಾಗದಲ್ಲಿ ಒಂದು ಕೊಬ್ಬಿನ ಕಣ ಕೂತಿತ್ತು. ಖಾರ ಬಂದಾಗ ಅದು ಜಾಗ ಬಿಡಬೇಕು.

ಅಂದ್ರೆ ಜಿಡ್ಡು ಅಂತ ತೊಳೆದು ಚೆಲ್ಲುತ್ತಿದ್ದದ್ದು ಬಾಗಿಲಿನದೇ ಒಂದು ಭಾಗ. ನೋವಿನ ಔಷಧ ಹುಡುಕುವವರಿಗೆ ಆ ಕಣ ಕಾಣಿಸೋದಕ್ಕೂ ಕಾಣಿಸದಿರೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಮುಂದಿನ ಕಂತಿನಲ್ಲಿ ಸಿಗೋಣ.